ಬಾಯಿಮಾತು ಮತ್ತು ಕಾಗದ: ಐರ್ಲೆಂಡಿನ ಚರಿತ್ರೆ ಬರೆದವರ ಜಗಳ



1909ರ ಜನವರಿಯಲ್ಲಿ ಬ್ರಿಟಿಷ್ ಸರ್ಕಾರ ಎಪ್ಪತ್ತು ತುಂಬಿದ ಬಡವರಿಗೆ ಪಿಂಚಣಿ ಕೊಡಲು ಶುರುಮಾಡಿತು. ಐರ್ಲೆಂಡ್ ಆಗ ಅದೇ ಆಳ್ವಿಕೆಯಲ್ಲಿತ್ತು. ಅಲ್ಲೊಂದು ತೊಡಕು ಎದ್ದಿತು. ಆ ದೇಶದಲ್ಲಿ ಎಲ್ಲರ ಜನನವನ್ನೂ ಬರೆದಿಡುವ ಪದ್ಧತಿ ಬಂದದ್ದೇ 1864ರಲ್ಲಿ. ಅರ್ಜಿ ಹಿಡಿದು ನಿಂತ ಮುದುಕ ಮುದುಕಿಯರ ಬಳಿ ಸರ್ಕಾರದ ಜನನಪತ್ರ ಇರಲು ಸಾಧ್ಯವೇ ಇರಲಿಲ್ಲ. ಹಾಗಾಗಿ ಡಬ್ಲಿನ್ನಿನ ಪತ್ರಾಗಾರದಲ್ಲಿದ್ದ 1841 ಮತ್ತು 1851ರ ಜನಗಣತಿಯ ಹಾಳೆಗಳನ್ನು ತೆರೆಸಿ, ಇಂಥ ಊರಿನ ಇಂಥ ಮನೆಯಲ್ಲಿ ಈ ಹೆಸರಿನ ಮಗು ಇತ್ತೇ ಎಂದು ಹುಡುಕಿಸಿದರು. ಹೆಸರು ಸಿಗದವರಿಗೆ ಇನ್ನೊಂದು ಪರೀಕ್ಷೆ ಇತ್ತೆಂದು ಐರಿಷ್ ಜನ ಇಂದಿಗೂ ನಗುತ್ತ ಹೇಳುತ್ತಾರೆ: ದೊಡ್ಡ ಗಾಳಿಯ ರಾತ್ರಿ ನಿನಗೆ ನೆನಪಿದೆಯೇ? 1839ರ ಜನವರಿ 6ರ ರಾತ್ರಿ ಬೀಸಿದ ಬಿರುಗಾಳಿ ಅದು. ನಮ್ಮ ಹಳ್ಳಿಯ ಹಿರಿಯರು ಪ್ಲೇಗು ಬಂದ ವರ್ಷದಿಂದ, ಧಾತು ಸಂವತ್ಸರದ ಬರದಿಂದ ವಯಸ್ಸು ಎಣಿಸುತ್ತಿದ್ದರಲ್ಲ, ಹಾಗೆ. ನೆನಪಿದೆ ಎಂದವರಿಗೆ ಪಿಂಚಣಿ. ಆ ವರ್ಷ ಎಷ್ಟೊಂದು ಜನರಿಗೆ ಆ ಗಾಳಿ ನೆನಪಾಯಿತೆಂದರೆ, ಜನಗಣತಿಯ ಪ್ರಕಾರ ಇರಬೇಕಾಗಿದ್ದ ಮುದುಕರಿಗಿಂತ ಪಿಂಚಣಿ ಕೇಳಿದ ಮುದುಕರೇ ಹೆಚ್ಚಾದರು.

ಇದು ನಗುವ ಪ್ರಸಂಗವೇ ಸರಿ. ಆದರೆ ಆ ಅಧಿಕಾರಿಯ ಮೇಜಿನ ಮುಂದೆ ಇದ್ದ ಪ್ರಶ್ನೆ, ಕಾಗದವನ್ನು ನಂಬುವುದೋ ಬಾಯಿಮಾತನ್ನು ನಂಬುವುದೋ ಎಂಬುದು, ಐರ್ಲೆಂಡಿನ ಚರಿತ್ರೆಯ ವಿದ್ವಾಂಸರನ್ನು ಇಂದಿಗೂ ಬಿಟ್ಟಿಲ್ಲ. ರಾಷ್ಟ್ರೀಯವಾದಿಗಳು ಒಂದು ಕಡೆ, ಅವರನ್ನು ಅಲ್ಲಗಳೆಯುವವರು ಇನ್ನೊಂದು ಕಡೆ ಎಂದು ಆ ಕ್ಷೇತ್ರವನ್ನು ವಿವರಿಸುವುದು ವಾಡಿಕೆ. ಅದು ಮೇಲ್ಮೈ ಮಾತು. ಯಾರನ್ನು ಸಾಕ್ಷಿಯೆಂದು ಕರೆಯಬೇಕು ಎಂಬುದೇ ಅಲ್ಲಿನ ನಿಜವಾದ ಜಗಳ ಎಂದು ನನಗೆ ತೋರಿದೆ. ಇಂದು ಆಡಲಿರುವುದು ಅದೊಂದೇ ಮಾತನ್ನು.

ಕರ್ನಾಟಕದಲ್ಲಿ ನಿಂತು ಐರ್ಲೆಂಡಿನ ಮಾತೇಕೆ ಎನ್ನುವವರಿಗೆ ಎರಡು ನಂಟುಗಳನ್ನು ನೆನಪಿಸುತ್ತೇನೆ. ಬೆಲ್‌ಫಾಸ್ಟಿನಲ್ಲಿ ಹುಟ್ಟಿ, ಅಲ್ಲಿನ ಸಾಹಿತ್ಯ ಪುನರುಜ್ಜೀವನದಲ್ಲಿ ಬೆಳೆದು, 1915ರಲ್ಲಿ ಭಾರತಕ್ಕೆ ಬಂದ ಕವಿ ಜೇಮ್ಸ್ ಕಸಿನ್ಸ್ ಮೈಸೂರಿನಲ್ಲಿ ಒಬ್ಬ ಯುವಕನ ಇಂಗ್ಲಿಷ್ ಕವಿತೆಗಳನ್ನು ನೋಡಿ, ನಿನ್ನ ಭಾಷೆಯಲ್ಲಿ ಬರೆ ಎಂದದ್ದು ನಿಮಗೆಲ್ಲ ಗೊತ್ತು. ಆ ಯುವಕ ಕುವೆಂಪು. ಆ ಸಲಹೆ ಕೊಟ್ಟ ಕಸಿನ್ಸ್ ಮಾತ್ರ ಜೀವಮಾನವಿಡೀ ಬರೆದದ್ದು ಇಂಗ್ಲಿಷಿನಲ್ಲಿ. ಐರಿಷ್ ಪುನರುಜ್ಜೀವನದ ದೊಡ್ಡ ಹೆಸರುಗಳೆಲ್ಲ ಹೆಚ್ಚುಕಡಿಮೆ ಹಾಗೆಯೇ. ಎರಡನೆಯ ನಂಟು ಅಷ್ಟು ಹಿತವಾದದ್ದಲ್ಲ. ಐರ್ಲೆಂಡಿನ ಮಹಾಕ್ಷಾಮದ ಕಾಲದಲ್ಲಿ ಲಂಡನ್ನಿನ ಖಜಾನೆಯ ಕೀಲಿ ಹಿಡಿದಿದ್ದ ಚಾರ್ಲ್ಸ್ ಟ್ರೆವೆಲ್ಯನ್ 1859ರಲ್ಲಿ ಮದರಾಸಿನ ಗವರ್ನರಾಗಿ ಬಂದ. ಬಳ್ಳಾರಿಯೂ ಮಂಗಳೂರೂ ಆಗ ಮದರಾಸಿಗೆ ಸೇರಿದ್ದವು.

ಕಾಗದದ ಕಥೆಯಿಂದ ಆರಂಭಿಸೋಣ. ಐರ್ಲೆಂಡಿನ ಸಾರ್ವಜನಿಕ ಪತ್ರಾಗಾರ 1867ರಲ್ಲಿ ಸ್ಥಾಪನೆಯಾಯಿತು. ಲಿಫಿ ನದಿಯ ದಂಡೆಯ ಮೇಲೆ, ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯಗಳ ಆವರಣದಲ್ಲಿ ಅದರ ಕಟ್ಟಡ. ಮಧ್ಯಯುಗದ ನ್ಯಾಯಾಲಯದ ಸುರುಳಿಗಳು, ಶತಮಾನಗಳ ಉಯಿಲುಗಳು, ಪ್ರಾಟೆಸ್ಟಂಟ್ ಚರ್ಚುಗಳ ಜನನ-ಮರಣದ ಪುಸ್ತಕಗಳು, 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳ ಮನೆಮನೆಯ ಹಾಳೆಗಳು, ಎಲ್ಲ ಅಲ್ಲಿದ್ದವು. ಸ್ವಾತಂತ್ರ್ಯ ಹೋರಾಟದ ಕೊನೆಗೆ ಬ್ರಿಟನ್ನಿನ ಜೊತೆ ಆದ ಒಪ್ಪಂದವನ್ನು ಒಪ್ಪದ ಸಶಸ್ತ್ರ ಗುಂಪು 1922ರ ಏಪ್ರಿಲ್‌ನಲ್ಲಿ ಆ ಆವರಣವನ್ನು ವಶಪಡಿಸಿಕೊಂಡಿತು. ಜೂನ್ 28ರಂದು ಹೊಸ ಸರ್ಕಾರದ ಸೈನ್ಯ ಬ್ರಿಟಿಷರಿಂದಲೇ ಎರವಲು ತಂದ ಫಿರಂಗಿಗಳಿಂದ ಗುಂಡು ಹಾರಿಸಲು ಶುರುಮಾಡಿತು. 30ರಂದು ದೊಡ್ಡ ಸ್ಫೋಟವಾಗಿ ದಾಖಲೆಗಳ ಭಂಡಾರಕ್ಕೆ ಬೆಂಕಿ ಬಿತ್ತು. ಏಳು ಶತಮಾನಗಳ ಕಾಗದ, ಚರ್ಮಪತ್ರ ಬೂದಿಯಾಯಿತು. ಗುಂಡು ಹಾರಿಸಿದವರೂ ಒಳಗಿದ್ದವರೂ ಹಿಂದಿನ ವರ್ಷ ಒಂದೇ ಪಕ್ಷದಲ್ಲಿ ನಿಂತು ಹೋರಾಡಿದವರು. ಸ್ಫೋಟ ಯಾರಿಂದಾಯಿತು ಎಂಬ ವಾದ ಅಂದಿನಿಂದ ನಿಂತಿಲ್ಲ.

ಎಲ್ಲ ಪಾಪವನ್ನೂ ಆ ಬೆಂಕಿಯ ತಲೆಗೆ ಕಟ್ಟುವುದೂ ಸರಿಯಲ್ಲ. 1861 ಮತ್ತು 1871ರ ಗಣತಿಯ ಹಾಳೆಗಳನ್ನು ಸರ್ಕಾರ ತಾನೇ ನಾಶಮಾಡಿಸಿತ್ತು. 1881, 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ಕಾಗದದ ಗಿರಣಿಗೆ ಹೋದವು. ಬ್ರಿಟಿಷ್ ಆಳ್ವಿಕೆಯ ಕಾಲದ ಗಣತಿಗಳಲ್ಲಿ ಪೂರ್ತಿ ಉಳಿದಿರುವವು 1901 ಮತ್ತು 1911ರವು ಮಾತ್ರ. ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಡಬ್ಲಿನ್ ಕೋಟೆಯಲ್ಲಿ ಬೇರೆಯೇ ಇಟ್ಟಿದ್ದ ಆಡಳಿತದ ಕಡತಗಳು, ಕ್ಷಾಮ ಪರಿಹಾರ ಆಯೋಗದ ಪತ್ರವ್ಯವಹಾರ, ಇವು ಸುಡಲಿಲ್ಲ. ಲಂಡನ್ನಿನ ಖಜಾನೆಯ ಕಾಗದಗಳಿಗಂತೂ ಏನೂ ಆಗಲಿಲ್ಲ. ಅಂದರೆ ಕ್ಷಾಮದ ಹಿಂದಿನ ರಾತ್ರಿ ಯಾವ ಗುಡಿಸಲಲ್ಲಿ ಯಾರು ಯಾರು ಮಲಗಿದ್ದರು ಎಂಬ ಹೆಸರುಗಳು ಹೋದವು. ಅವರಿಗೆ ಎಷ್ಟು ಕೊಡಬಹುದು, ಕೊಡಬೇಕೇ ಬೇಡವೇ ಎಂದು ಅಧಿಕಾರಿಗಳು ಬರೆದುಕೊಂಡ ಟಿಪ್ಪಣಿಗಳು ಉಳಿದವು. ಹೆಸರುಗಳಲ್ಲಿ ಅಲ್ಪಸ್ವಲ್ಪ ಉಳಿದದ್ದೂ ಪಿಂಚಣಿಯ ದಯೆಯಿಂದ. 1909ರ ನಂತರ ಮುದುಕರಿಗಾಗಿ ಜನಗಣತಿಯಲ್ಲಿ ಹುಡುಕಿ ಬರೆದುಕೊಂಡ ಚೀಟಿಗಳು ಬೇರೆಡೆ ಇದ್ದುದರಿಂದ, ಸುಟ್ಟ ಹಾಳೆಗಳ ತುಣುಕುಗಳು ಅವುಗಳಲ್ಲಿ ಬದುಕಿಕೊಂಡಿವೆ. ಪತ್ರಾಗಾರದ ಅಧಿಕಾರಿ ಹರ್ಬರ್ಟ್ ವುಡ್ ಬೆಂಕಿಗೆ ಮೂರು ವರ್ಷ ಮೊದಲು, 1919ರಲ್ಲಿ, ಒಳಗೆ ಏನೇನಿದೆ ಎಂಬುದರ ಕೈಪಿಡಿಯೊಂದನ್ನು ಅಚ್ಚು ಹಾಕಿಸಿದ್ದ. ಏನು ಕಳೆದುಹೋಯಿತು ಎಂಬುದರ ಪಟ್ಟಿಯಾಗಿ ಅದು ಈಗ ಬಳಕೆಯಾಗುತ್ತಿದೆ. ಟ್ರಿನಿಟಿ ಕಾಲೇಜಿನ ಪೀಟರ್ ಕ್ರುಕ್ಸ್ ಮತ್ತು ಸಂಗಡಿಗರು ಅದೇ ಪುಸ್ತಕ ಹಿಡಿದು, ಲೋಕದ ಬೇರೆ ಬೇರೆ ಗ್ರಂಥಾಲಯಗಳಲ್ಲಿರುವ ನಕಲುಗಳನ್ನು ಒಟ್ಟುಮಾಡಿ, 2022ರಲ್ಲಿ ಆ ಭಂಡಾರದ ಡಿಜಿಟಲ್ ರೂಪವನ್ನು ತೆರೆದರು.

ಇಂಥ ಬೂದಿಯ ಪಕ್ಕದಲ್ಲಿ ಕುಳಿತು ವೃತ್ತಿಪರ ಚರಿತ್ರೆಯನ್ನು ಕಟ್ಟಹೊರಟವರು ಇಬ್ಬರು: ಥಿಯೊಡೋರ್ ಮೂಡಿ ಮತ್ತು ರಾಬರ್ಟ್ ಡಡ್ಲಿ ಎಡ್ವರ್ಡ್ಸ್. ಮೂಡಿ ಬೆಲ್‌ಫಾಸ್ಟಿನ ಪ್ರಾಟೆಸ್ಟಂಟ್ ಮನೆಯವರು, ಎಡ್ವರ್ಡ್ಸ್ ಡಬ್ಲಿನ್ನಿನ ಕ್ಯಾಥೊಲಿಕರು. ಇಬ್ಬರೂ ಲಂಡನ್ನಿನಲ್ಲಿ ಸಂಶೋಧನೆಯ ಶಿಸ್ತು ಕಲಿತು ಬಂದು 1938ರಲ್ಲಿ ‘ಐರಿಷ್ ಹಿಸ್ಟಾರಿಕಲ್ ಸ್ಟಡೀಸ್’ ಪತ್ರಿಕೆ ಶುರುಮಾಡಿದರು. ದೇಶ ಉತ್ತರ, ದಕ್ಷಿಣ ಎಂದು ಎರಡಾಗಿ ಆಗಿನ್ನೂ ಎರಡು ದಶಕ ಕಳೆದಿರಲಿಲ್ಲ. ಗಡಿಯ ಆಚೆಗೊಂದು, ಈಚೆಗೊಂದು ಇತಿಹಾಸ ಸಂಘ. ಎರಡೂ ಕೂಡಿ ಒಂದೇ ಪತ್ರಿಕೆ. ರಾಜಕೀಯ ಪಕ್ಷ, ಫುಟ್‌ಬಾಲ್ ತಂಡಗಳೆಲ್ಲ ಸೀಳಿಹೋದ ನಾಡಿನಲ್ಲಿ ಅದು ಸಣ್ಣ ಸಾಧನೆಯಲ್ಲ. ಅದಕ್ಕೆ ಅವರು ತೆತ್ತ ಬೆಲೆಯೂ ಇತ್ತು. 1900ರ ನಂತರದ ರಾಜಕೀಯವನ್ನು ಮುಟ್ಟುವುದಿಲ್ಲ ಎಂದುಕೊಂಡರು. ಮನೆಯ ಜಗುಲಿಯಲ್ಲಿ ಹೇಳುವ ಕಥೆ, ಲಾವಣಿ, ಹುತಾತ್ಮರ ಚರಿತೆ ಇವೆಲ್ಲ ಪುರಾಣ. ಅದನ್ನು ಮೂಲದಾಖಲೆಗಳಿಂದ ತೊಳೆಯುವುದೇ ಇತಿಹಾಸಕಾರನ ಕೆಲಸ ಎಂಬುದು ಅವರ ನಂಬಿಕೆ. ಮೂಡಿ 1977ರಲ್ಲಿ ಐರಿಷ್ ಇತಿಹಾಸ ಮತ್ತು ಐರಿಷ್ ಪುರಾಣ ಎಂಬ ವಿಷಯವಾಗಿಯೇ ಉಪನ್ಯಾಸ ಕೊಟ್ಟರು. ಉತ್ತರ ಐರ್ಲೆಂಡಿನಲ್ಲಿ ಬಾಂಬು ಸಿಡಿಯುತ್ತಿದ್ದ ಕಾಲ ಅದು. ಅವರನ್ನು ಬ್ರಿಟಿಷರ ವಕೀಲರೆಂದು ಜರೆಯುವವರಿದ್ದಾರೆ. ನಾನು ಆ ಪಂಗಡದವನಲ್ಲ. ಪುರಾಣ ಬಂದೂಕು ಹಿಡಿದು ಬೀದಿಗಿಳಿದಾಗ ಅದನ್ನು ಪ್ರಶ್ನಿಸುವುದಕ್ಕೆ ಧೈರ್ಯ ಬೇಕು.

ಆದರೆ ಅವರ ವಿಧಾನ ಎಡವಿದ ಒಂದು ಜಾಗವಿದೆ. ಅದು ಮಹಾಕ್ಷಾಮ.

ಸಂಗತಿಗಳನ್ನು ಸ್ವಲ್ಪ ಹೇಳಿಬಿಡುತ್ತೇನೆ. 1845ರ ಶರತ್ಕಾಲದಲ್ಲಿ ಆಲೂಗಡ್ಡೆಗೆ ಅಂಗಮಾರಿ ರೋಗ ತಗುಲಿತು. 1846ರಲ್ಲಿ ಬೆಳೆ ಹೆಚ್ಚುಕಡಿಮೆ ಪೂರ್ತಿ ಹೋಯಿತು. ಬಡ ಗೇಣಿದಾರರಿಗೂ ಕೂಲಿಗಳಿಗೂ ಆಲೂಗಡ್ಡೆಯ ಹೊರತು ಬೇರೆ ಊಟವಿರಲಿಲ್ಲ. 1841ರಲ್ಲಿ 81.75 ಲಕ್ಷವಿದ್ದ ಜನಸಂಖ್ಯೆ 1851ರಲ್ಲಿ 65.5 ಲಕ್ಷಕ್ಕೆ ಇಳಿಯಿತು. ಸುಮಾರು 10 ಲಕ್ಷ ಜನ ಸತ್ತರು, ಹೆಚ್ಚಿನವರು ಜ್ವರ ಮತ್ತು ಆಮಶಂಕೆಯಿಂದ. ಅದಕ್ಕೂ ಹೆಚ್ಚು ಜನ ಹಡಗು ಹತ್ತಿದರು. 1847ರ ಬೇಸಿಗೆಯಲ್ಲಿ ಸರ್ಕಾರ ಗಂಜಿ ಕೇಂದ್ರಗಳನ್ನು ತೆರೆದು ದಿನಕ್ಕೆ 30 ಲಕ್ಷ ಜನರಿಗೆ ಊಟ ಹಾಕಿತು. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ. ಆಮೇಲೆ ಕೆಲವೇ ತಿಂಗಳಲ್ಲಿ ಅವನ್ನು ಮುಚ್ಚಿ, ಹೊರೆಯನ್ನು ಆಯಾ ಊರಿನ ತೆರಿಗೆದಾರರ ಮೇಲೆ ಹಾಕಿತು. ಅದೇ ವರ್ಷ ಕಾನೂನಿಗೆ ಒಂದು ಷರತ್ತು ಸೇರಿತು: ಕಾಲು ಎಕರೆಗಿಂತ, ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆಗಿಂತ, ಹೆಚ್ಚು ನೆಲ ಹಿಡಿದಿರುವವನಿಗೆ ಪರಿಹಾರವಿಲ್ಲ. ಮಕ್ಕಳಿಗೆ ಗಂಜಿ ಬೇಕಾದರೆ ಗೇಣಿ ಬಿಟ್ಟುಕೊಡಬೇಕು.

ಆ ಷರತ್ತನ್ನು ಸೂಚಿಸಿದವನು ಡಬ್ಲಿನ್ನಿನ ಸಂಸತ್ ಸದಸ್ಯ, ಗಾಲ್ವೇ ಸೀಮೆಯ ಕೂಲ್ ಎಸ್ಟೇಟಿನ ವಾರಸುದಾರ ವಿಲಿಯಂ ಗ್ರೆಗರಿ. ಮುಂದೆ ಅವನು ಸಿಲೋನಿನ ಗವರ್ನರಾದ. ಮುಪ್ಪಿನಲ್ಲಿ ಮರುಮದುವೆಯಾದ. ಅವನ ವಿಧವೆಯೇ ಲೇಡಿ ಗ್ರೆಗರಿ, ಕವಿ ಯೇಟ್ಸ್ ಜೊತೆ ನಿಂತು ಡಬ್ಲಿನ್ನಿನ ಆ್ಯಬಿ ರಂಗಮಂದಿರ ಕಟ್ಟಿದವಳು. ಆಕೆ ಐರಿಷ್ ಭಾಷೆ ಕಲಿತು, ಕೂಲ್ ಸುತ್ತಲಿನ ಗುಡಿಸಲುಗಳಿಗೆ ಹೋಗಿ ಮುದುಕಿಯರ ಬಾಯಿಂದ ಕಥೆ, ನಂಬಿಕೆ, ಮದ್ದು, ಮಂತ್ರಗಳನ್ನು ಬರೆದುಕೊಂಡಳು. ಗಂಡನ ಷರತ್ತಿನಿಂದ ನೆಲ ಕಳೆದುಕೊಂಡವರ ಮಕ್ಕಳು ಮೊಮ್ಮಕ್ಕಳು ಆ ಸುತ್ತಿನಲ್ಲಿ ಇದ್ದೇ ಇರಬೇಕು. ಸಾಹಿತ್ಯ ವಿಭಾಗದವರು ಲೇಡಿ ಗ್ರೆಗರಿಯನ್ನು ಓದುತ್ತಾರೆ, ಇತಿಹಾಸ ವಿಭಾಗದವರು ಗ್ರೆಗರಿಯ ಷರತ್ತನ್ನು ಓದುತ್ತಾರೆ. ಎರಡು ತರಗತಿಗಳ ನಡುವಿನ ಗೋಡೆ ಎಷ್ಟು ದಪ್ಪವೆಂದರೆ, ಇದು ಒಂದೇ ಮನೆಯ ಕಥೆ ಎಂಬುದು ಎಷ್ಟೋ ವಿದ್ಯಾರ್ಥಿಗಳಿಗೆ ಹೊಳೆಯುವುದೇ ಇಲ್ಲ.

ಕ್ಷಾಮಕ್ಕೆ ನೂರು ವರ್ಷ ತುಂಬುವ ಹೊತ್ತಿಗೆ ಪ್ರಧಾನಿ ಡಿ ವಲೆರಾ ಒಂದು ಅಧಿಕೃತ ಚರಿತ್ರೆ ಬರಬೇಕೆಂದು ಬಯಸಿ ಹಣವನ್ನೂ ಕೊಡಿಸಿದ. ಎಡ್ವರ್ಡ್ಸ್ ಸಂಪಾದಕರಲ್ಲಿ ಒಬ್ಬರು. ಪುಸ್ತಕ ಹೊರಬಂದದ್ದು 1956ರಲ್ಲಿ, ಶತಮಾನೋತ್ಸವ ಕಳೆದು ಹತ್ತು ವರ್ಷದ ಮೇಲೆ. ಕೃಷಿ, ಆಡಳಿತ, ವೈದ್ಯಕೀಯ, ವಲಸೆ ಎಂದು ಬಿಡಿಬಿಡಿ ಅಧ್ಯಾಯಗಳು, ಒಂದೊಂದೂ ಶ್ರದ್ಧೆಯ ಕೆಲಸ. ಒಟ್ಟು ಎಷ್ಟು ಜನ ಸತ್ತರು ಎಂಬ ಲೆಕ್ಕ ಮಾತ್ರ ಅದರಲ್ಲಿಲ್ಲ. ಡಿ ವಲೆರಾಗೆ ನಿರಾಶೆಯಾಯಿತು. 1962ರಲ್ಲಿ ಸೆಸಿಲ್ ವುಡಮ್-ಸ್ಮಿತ್ ಎಂಬ ಲೇಖಕಿ ಯಾವ ವಿಶ್ವವಿದ್ಯಾಲಯದ ಹಂಗೂ ಇಲ್ಲದೆ ‘ದಿ ಗ್ರೇಟ್ ಹಂಗರ್’ ಬರೆದಳು. ಟ್ರೆವೆಲ್ಯನ್ ಅದರ ಖಳನಾಯಕ. ಲೋಕವೆಲ್ಲ ಆ ಪುಸ್ತಕವನ್ನು ಓದಿತು. ವೃತ್ತಿಪರರು ಮೂಗು ಮುರಿದರು. ಅದೊಂದು ಶ್ರೇಷ್ಠ ಕಾದಂಬರಿ ಎಂಬ ಅಭಿಪ್ರಾಯವನ್ನು ಚರ್ಚಿಸಿ ಎಂದು ಡಬ್ಲಿನ್ನಿನ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲೇ ಕೇಳಿದರಂತೆ. ಇದು ಪಾಂಡಿತ್ಯದ ಗರ್ವ, ಬೇರೆ ಹೆಸರಿಲ್ಲ. ಆಕೆಯೂ ಪತ್ರಾಗಾರಗಳಲ್ಲಿ ಕುಳಿತೇ ಬರೆದವಳು.

ಆ 1956ರ ಸಂಪುಟದ ಕೊನೆಯ ಅಧ್ಯಾಯ ಉಳಿದವುಗಳಂತಲ್ಲ. ರಾಜರ್ ಮೆಕ್‌ಹ್ಯೂ ಬರೆದ ಅದು ಜನರ ಬಾಯಲ್ಲಿ ಉಳಿದ ಕ್ಷಾಮದ ಬಗ್ಗೆ. ಅದಕ್ಕೆ ಆಧಾರ ಒದಗಿಸಿದ್ದು 1935ರಲ್ಲಿ ಜೇಮ್ಸ್ ಡೆಲಾರ್ಗಿಯ ನೇತೃತ್ವದಲ್ಲಿ ಆರಂಭವಾದ ಐರಿಷ್ ಜಾನಪದ ಆಯೋಗ. ಇಂಥ ಕೆಲಸ ಬೇರೆಲ್ಲಾದರೂ ಈ ಪ್ರಮಾಣದಲ್ಲಿ ನಡೆದದ್ದು ನನಗೆ ತಿಳಿಯದು. ಪೂರ್ಣಕಾಲಿಕ ಸಂಗ್ರಾಹಕರು ಭಾರದ ಧ್ವನಿಮುದ್ರಣ ಯಂತ್ರ ಹೊತ್ತು ಹಳ್ಳಿಗಳನ್ನು ಸುತ್ತಿದರು. ಬಡ ಆಯೋಗ; ಮೇಣದ ಕೊಳವೆಯಲ್ಲಿ ಮುದ್ರಿಸಿದ್ದನ್ನು ಅಕ್ಷರಕ್ಕಿಳಿಸಿ, ಮೇಣ ಹೆರೆದು ಅದರ ಮೇಲೆಯೇ ಮತ್ತೆ ಮುದ್ರಿಸುತ್ತಿದ್ದರು. ಹೀಗಾಗಿ ಮಾತುಗಳು ಉಳಿದು ಎಷ್ಟೋ ದನಿಗಳು ಅಳಿದವು. 1937ರಿಂದ 1939ರವರೆಗೆ ದಕ್ಷಿಣದ 26 ಜಿಲ್ಲೆಗಳ ಸುಮಾರು 5,000 ಶಾಲೆಗಳ 50,000ದಷ್ಟು ಮಕ್ಕಳಿಗೆ ನೋಟ್‌ಬುಕ್ ಕೊಟ್ಟು, ಅಜ್ಜ ಅಜ್ಜಿಯರನ್ನು ಕೇಳಿ ಬರೆದುಕೊಂಡು ಬನ್ನಿ ಎಂದರು. ಆ ಮಕ್ಕಳ ಕೈಬರಹವನ್ನು ಈಗ ಯಾರು ಬೇಕಾದರೂ ಕಂಪ್ಯೂಟರಿನಲ್ಲಿ ಓದಬಹುದು. 1945ರಲ್ಲಿ ಕ್ಷಾಮದ ಬಗ್ಗೆಯೇ ಪ್ರತ್ಯೇಕ ಪ್ರಶ್ನಾವಳಿ ಕಳಿಸಿದರು. ಕ್ಷಾಮ ಕಂಡವರ ಮಕ್ಕಳಲ್ಲಿ ಕೆಲವರು ಆಗಿನ್ನೂ ಬದುಕಿದ್ದರು. ನಮ್ಮ ಕಡೆ ನೋಡಿ: 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನ 1881ರ ಹೊತ್ತಿಗೆ 42 ಲಕ್ಷದ ಆಸುಪಾಸಿಗೆ ಇಳಿದದ್ದು ಧಾತು-ಈಶ್ವರ ಬರದಿಂದ. ಅದನ್ನು ಕಂಡವರ ಮಕ್ಕಳನ್ನು ಕೇಳುವ ಕಾಲ ನಮ್ಮಲ್ಲಿ ಮುಗಿದುಹೋಗಿದೆ.

ಆ ಉತ್ತರಗಳಲ್ಲಿ ಏನಿತ್ತು? ಬ್ರಿಟಿಷರ ಮೇಲಿನ ಸಿಟ್ಟೇ ತುಂಬಿರುತ್ತದೆ ಎಂದುಕೊಂಡವರಿಗೆ ಅಲ್ಲಿ ಬೇರೆಯೇ ಲೋಕ ಕಾಣುತ್ತದೆ. ಟ್ರೆವೆಲ್ಯನ್ ಹೆಸರು ಹಳ್ಳಿಯವರಿಗೇನು ಗೊತ್ತು? ಅವರಿಗೆ ಗೊತ್ತಿದ್ದವರು ಪಕ್ಕದವನ ನೆಲ ನುಂಗಿದ ನೆರೆಯವನು, ಹಿಟ್ಟನ್ನು ಸಾಲ ಕೊಟ್ಟು ಹೊಲ ಬರೆಸಿಕೊಂಡ ವ್ಯಾಪಾರಿ, ಗಂಜಿಗಾಗಿ ಮತ ಬಿಟ್ಟ ಮನೆ. ತಳಕ್ಕೆ ಕೀಲು ಹಾಕಿದ ಶವಪೆಟ್ಟಿಗೆಯ ಮಾತು ಬರುತ್ತದೆ: ಗುಂಡಿಯ ಮೇಲೆ ತಳ ತೆರೆದು ಹೆಣ ಇಳಿಸಿ, ಅದೇ ಪೆಟ್ಟಿಗೆಯನ್ನು ಮುಂದಿನ ಹೆಣಕ್ಕೆ ಒಯ್ಯುವುದು. ಕೊನೆಯ ಹಾಲನ್ನು ಭಿಕ್ಷೆಗೆ ಕೊಟ್ಟ ಹೆಂಗಸಿನ ಪಾತ್ರೆ ಮತ್ತೆ ತುಂಬಿದ ಪವಾಡವೂ ಬರುತ್ತದೆ. ನನ್ನನ್ನು ಬಹಳ ಕಾಡಿದ್ದು ಪದೇ ಪದೇ ಕಾಣುವ ಇನ್ನೊಂದು ಧಾಟಿ: ನಮ್ಮ ಮನೆಯವರಿಗೆ ಅಷ್ಟೇನೂ ಆಗಲಿಲ್ಲ, ಗುಡ್ಡದಾಚೆಯವರು ಸತ್ತರು. ಇದನ್ನು ಸುಳ್ಳೆನ್ನಲಾಗದು. ಸತ್ತವರಿಗೆ ಮೊಮ್ಮಕ್ಕಳಿಲ್ಲ. ನೆನಪು ಹೇಳಲು ಉಳಿದವರೆಲ್ಲ ಬದುಕುಳಿದವರ ಪೈಕಿ, ಅವರಲ್ಲಿ ಕೆಲವರು ಸತ್ತವರ ನೆಲದ ಮೇಲೆಯೇ ಬದುಕಿದವರು. ಸರ್ಕಾರದ ಕಡತ ಸರ್ಕಾರದ ಪರ ಬರೆದಂತೆ ಬಾಯಿಮಾತೂ ತನ್ನ ಮನೆಯ ಪರ ಮಾತಾಡುತ್ತದೆ.

ಹಾಗಾಗಿ ಕಾಗದವನ್ನು ಕೆಳಗಿಳಿಸಿ ನೆನಪನ್ನು ಪೀಠದ ಮೇಲೆ ಕೂರಿಸುವವರ ಜೊತೆಗೂ ನಾನು ನಿಲ್ಲಲಾರೆ. ಜನರು ಹಸಿದು ಸಾಯುವಾಗ ಧಾನ್ಯದ ಹಡಗುಗಳು ಇಂಗ್ಲೆಂಡಿಗೆ ಹೋದವು ಎಂಬುದು ದೇಶಭಕ್ತಿಯ ಕಥನದ ಅಡಿಗಲ್ಲು. 1980ರ ದಶಕದಿಂದ ಜೋಯಲ್ ಮೊಕಿರ್, ಕೊರ್ಮಾಕ್ ಓ ಗ್ರಾಡಾ ಮೊದಲಾದ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕತೊಡಗಿದಾಗ ಚಿತ್ರ ಜಟಿಲವಾಯಿತು. ಒಟ್ಟಾರೆ 1847ರಲ್ಲಿ ಹೊರಹೋದ ಧಾನ್ಯಕ್ಕಿಂತ ಒಳಬಂದ ಧಾನ್ಯ ಬಹಳ ಹೆಚ್ಚು. ಆದರೆ 1846ರ ಸುಗ್ಗಿಯ ಓಟ್ಸ್ ಹೊರಹೋದದ್ದು ಆ ಚಳಿಗಾಲದಲ್ಲಿ, ಅಮೆರಿಕದ ಮುಸುಕಿನ ಜೋಳ ದೊಡ್ಡ ಪ್ರಮಾಣದಲ್ಲಿ ಬಂದದ್ದು ಮುಂದಿನ ವಸಂತದಲ್ಲಿ. ನಡುವಿನ ಆ ತಿಂಗಳುಗಳಲ್ಲಿ ಜನ ಸತ್ತರು. ಹಡಗುಗಳನ್ನು ಕಂಡವರ ಕಣ್ಣು ಸುಳ್ಳಲ್ಲ, ವರ್ಷದ ಮೊತ್ತ ಹಾಕಿದವರ ಕೂಡಿಕೆಯೂ ತಪ್ಪಲ್ಲ. ಸಾವಿನ ಲೆಕ್ಕವನ್ನು ಗಂಭೀರವಾಗಿ ಹಾಕಿದವರೂ ಇವರೇ. ಓ ಗ್ರಾಡಾ ಐರಿಷ್ ಬಲ್ಲವರು, ಹಾಡು ಕಥೆಗಳನ್ನೂ ಅಂಕಿಅಂಶವನ್ನೂ ಒಂದೇ ಪುಟದಲ್ಲಿಟ್ಟು ಓದಿದವರು. ಈ ಕ್ಷೇತ್ರದಲ್ಲಿ ಒಬ್ಬರನ್ನೇ ಓದುವ ಬಿಡುವಿದ್ದರೆ ಅವರನ್ನು ಓದಿ ಎನ್ನುತ್ತೇನೆ.

1989ರಲ್ಲಿ ಬ್ರೆಂಡನ್ ಬ್ರ್ಯಾಡ್‌ಶಾ ಎಂಬ ಪಾದ್ರಿ-ವಿದ್ವಾಂಸರು ಮೂಡಿ ಎಡ್ವರ್ಡ್ಸರ ಅದೇ ಪತ್ರಿಕೆಯಲ್ಲಿ ಬರೆದು, ನಿರ್ಲಿಪ್ತತೆಯ ಹೆಸರಿನಲ್ಲಿ ನೀವು ನೋವನ್ನೇ ಚರಿತ್ರೆಯಿಂದ ಹೊರಗಿಟ್ಟಿರಿ ಎಂದು ದೂರಿದರು. ಅದರ ಹಿಂದಿನ ವರ್ಷ ಬಂದಿದ್ದ ರಾಯ್ ಫಾಸ್ಟರ್ ಅವರ ‘ಮಾಡರ್ನ್ ಐರ್ಲೆಂಡ್’ ಈ ವಾದದ ಇನ್ನೊಂದು ಕೊನೆ. ಇದರ ಮೇಲೆ ಬಂದ ಪುಸ್ತಕಗಳು ಒಂದು ಕಪಾಟು ತುಂಬುತ್ತವೆ. ಅರ್ಧಕ್ಕಿಂತ ಹೆಚ್ಚನ್ನು ಓದದೆ ಬಿಡಬಹುದು. 1991ರಲ್ಲಿ ಷೇಮಸ್ ಡೀನ್ ಮೂರು ಸಂಪುಟಗಳಲ್ಲಿ ಐರಿಷ್ ಬರವಣಿಗೆಯ ಸಂಕಲನ ತಂದರು. ಎಲ್ಲ ಸಾಕ್ಷಿಗಳನ್ನೂ ಕರೆದಿದ್ದೇವೆ ಎಂದುಕೊಂಡಾಗ ಹೆಚ್ಚಿನ ಹೆಂಗಸರನ್ನು ಕರೆಯುವುದೇ ಮರೆತಿತ್ತು. ಮರೆವನ್ನು ತುಂಬಲು ಇನ್ನೆರಡು ಸಂಪುಟಗಳು ಬೇಕಾದವು, ಹನ್ನೊಂದು ವರ್ಷವೂ ಬೇಕಾಯಿತು.

ಬದುಕಿರುವವರ ಸಾಕ್ಷ್ಯದ ವಿಷಯ ಇನ್ನೂ ಸೂಕ್ಷ್ಮ. ಸ್ವಾತಂತ್ರ್ಯ ಹೋರಾಟಗಾರರಿಂದ 1947ರಿಂದ 1957ರವರೆಗೆ ಸರ್ಕಾರವೇ ಬರೆಸಿಕೊಂಡ 1,773 ಹೇಳಿಕೆಗಳನ್ನು ಪೆಟ್ಟಿಗೆಗಳಲ್ಲಿ ಬೀಗ ಹಾಕಿಟ್ಟು, 2003ರಲ್ಲಿ ತೆರೆದರು. ಹೇಳಿಕೆ ಕೊಟ್ಟವರಲ್ಲಿ ಯಾರೂ ಉಳಿದಿಲ್ಲ ಎಂಬ ಖಾತ್ರಿ ಬೇಕಿತ್ತು. ಆ ಎಚ್ಚರಿಕೆ ಅತಿಯಾಯಿತು ಎನ್ನುವವರು ಅಮೆರಿಕದ ಬಾಸ್ಟನ್ ಕಾಲೇಜಿನ ಪ್ರಸಂಗವನ್ನು ನೋಡಬೇಕು. ಉತ್ತರ ಐರ್ಲೆಂಡಿನ ಮಾಜಿ ಬಂದೂಕುಧಾರಿಗಳಿಗೆ, ನೀವು ಸಾಯುವವರೆಗೆ ಇದು ಹೊರಬರುವುದಿಲ್ಲ ಎಂದು ಮಾತು ಕೊಟ್ಟು ಧ್ವನಿ ಮುದ್ರಿಸಿಕೊಂಡರು. 2011ರಲ್ಲಿ ಪೊಲೀಸರು ಅಮೆರಿಕದ ನ್ಯಾಯಾಲಯದ ಮೂಲಕ ಅವನ್ನು ಕೇಳಿದರು. ಕೊಟ್ಟ ಮಾತು ನಿಲ್ಲಲಿಲ್ಲ.

ಕೊನೆಯದಾಗಿ ಗಾಲ್ವೇ ಸೀಮೆಯ ಟ್ಯೂಅಮ್ ಎಂಬ ಊರಿನ ಸಂಗತಿ. ಮದುವೆಯಿಲ್ಲದೆ ಬಸಿರಾದ ಹೆಂಗಸರನ್ನು ಇರಿಸುತ್ತಿದ್ದ, ಸಂನ್ಯಾಸಿನಿಯರು ನಡೆಸುತ್ತಿದ್ದ ಮನೆಯೊಂದು ಅಲ್ಲಿ 1925ರಿಂದ 1961ರವರೆಗೆ ಇತ್ತು. ವೃತ್ತಿಯಿಂದ ಇತಿಹಾಸಕಾರ್ತಿಯಲ್ಲದ ಕ್ಯಾಥರೀನ್ ಕಾರ್ಲೆಸ್ 2012ರಲ್ಲಿ ಊರಿನ ಇತಿಹಾಸ ಸಂಘದ ಪತ್ರಿಕೆಗೆ ಆ ಮನೆಯ ಬಗ್ಗೆ ಒಂದು ಲೇಖನ ಬರೆದರು. ಅಲ್ಲಿ ಸತ್ತ ಮಕ್ಕಳ ಮರಣಪತ್ರಗಳನ್ನು ತಮ್ಮ ದುಡ್ಡಿನಿಂದ ಒಂದೊಂದಾಗಿ ತರಿಸಿಕೊಂಡರು. ಒಟ್ಟು 796. ಸ್ಮಶಾನಗಳ ಪುಸ್ತಕದಲ್ಲಿ ಆ ಹೆಸರುಗಳನ್ನು ಹುಡುಕಿದರು, ಸಿಗಲಿಲ್ಲ. ಹಳೆಯ ನಕ್ಷೆಗಳನ್ನು ಊರಿನವರ ಮಾತಿನ ಜೊತೆ ಹೋಲಿಸಿದರು. ಸರ್ಕಾರ ತನಿಖಾ ಆಯೋಗ ನೇಮಿಸಿತು. ನೆಲದಡಿಯ ಕೋಣೆಗಳಲ್ಲಿ ಮಕ್ಕಳ ಅವಶೇಷಗಳಿವೆ ಎಂದು 2017ರಲ್ಲಿ ಅದು ಖಚಿತಪಡಿಸಿತು. 2025ರಲ್ಲಿ ಅಗೆತ ಆರಂಭವಾಯಿತು.

ಅದೇ ಆಯೋಗದ ಮುಂದೆ, ಇಂಥ ಮನೆಗಳಲ್ಲಿ ಇದ್ದವರೂ ಹುಟ್ಟಿದವರೂ ಸೇರಿ 550 ಜನ ಗೌಪ್ಯವಾಗಿ ತಮ್ಮ ಕಥೆ ಹೇಳಿಕೊಂಡಿದ್ದರು. 2021ರ ಜನವರಿಯಲ್ಲಿ ಅಂತಿಮ ವರದಿ ಬಂದಾಗ ಎಷ್ಟೋ ಹೆಂಗಸರಿಗೆ ಅದರಲ್ಲಿ ತಮ್ಮ ಮಾತು ಕಾಣಲಿಲ್ಲ. ಅವರ ಧ್ವನಿಮುದ್ರಣಗಳನ್ನು ಅಳಿಸಲಾಗಿದೆ ಎಂಬುದೂ ಆಗಲೇ ತಿಳಿಯಿತು. ಗದ್ದಲವಾದ ಮೇಲೆ ಬ್ಯಾಕಪ್ ಪ್ರತಿಗಳಿಂದ ಹೊರತೆಗೆದರು. ಆ ಜೂನ್‌ನಲ್ಲಿ, ಆಯೋಗದ ಸದಸ್ಯೆಯಾಗಿದ್ದ ಹಿರಿಯ ಇತಿಹಾಸಕಾರ್ತಿಯೊಬ್ಬರು ಆಕ್ಸ್‌ಫರ್ಡಿನ ಗೋಷ್ಠಿಯೊಂದರಲ್ಲಿ, ಆ ಹೇಳಿಕೆಗಳು ಪ್ರಮಾಣ ಮಾಡಿ ಕೊಟ್ಟವಲ್ಲವಾದ್ದರಿಂದ ಬೇರೆ ಸಾಕ್ಷ್ಯದಷ್ಟು ತೂಕ ಕೊಡಲಾಗಲಿಲ್ಲ ಎಂಬರ್ಥದ ವಿವರಣೆ ಕೊಟ್ಟರು. ಕೆಲವು ಹೆಂಗಸರು ಹೈಕೋರ್ಟಿಗೆ ಹೋದರು. ವರದಿಯಲ್ಲಿ ತಮ್ಮ ಗುರುತು ಹತ್ತುವಂತಿದ್ದರೂ ಅದರ ಕರಡನ್ನು ಮೊದಲೇ ತಮಗೆ ತೋರಿಸಲಿಲ್ಲ ಎಂಬುದು ಅವರ ದೂರು. 2021ರ ಡಿಸೆಂಬರ್‌ನಲ್ಲಿ ಸರ್ಕಾರ ಅವರ ಹಕ್ಕಿಗೆ ಚ್ಯುತಿಯಾಗಿದೆ ಎಂದು ಒಪ್ಪಿಕೊಂಡಿತು. ವರದಿಯ ಪಠ್ಯ ಮಾತ್ರ ಹಾಗೆಯೇ ಉಳಿದಿದೆ.